ಅಪ್ಪನ ಮೋಟರ್ ಸುಟ್ಟ ‘ಇನ್‌ಲೈನ್’

ಹೋದ ಏಪ್ರಿಲ್‌ನ ಒಂದು ರಾತ್ರಿ ನಮ್ಮ ಬಾವಿಯ ಮೋಟರ್ ಸುಟ್ಟಿತು. ಊರಲ್ಲಿ ಎಲ್ಲರೂ ಕರೆಂಟನ್ನು ಬೈದರು. ನಾನು ಮಾತ್ರ ಸುಮ್ಮನಿದ್ದೆ. ಯಾಕೆಂದರೆ ಎರಡು ದಿನದ ಹಿಂದೆ ನನ್ನ ಸಿ ಪ್ರೋಗ್ರಾಮಿನಲ್ಲಿ ಒಂದು ಪದ ಸೇರಿಸಿದ್ದೆ. ಆ ಪದ ‘ಇನ್‌ಲೈನ್’.

ನಮ್ಮದು ಅಥಣಿ ತಾಲ್ಲೂಕಿನ ಹಳ್ಳಿ, ಕಬ್ಬಿನ ಹೊಲ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಪಾಳಿ ಮೇಲೆ ಬರುತ್ತದೆ. ಕೆಲವು ವಾರ ಹಗಲು, ಕೆಲವು ವಾರ ನಡುರಾತ್ರಿ. ಅಪ್ಪ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುವುದನ್ನು ನೋಡಲಾಗದೆ, ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಮುಗಿಸಿ ಬಂದ ವರ್ಷ ಒಂದು ಪೆಟ್ಟಿಗೆ ಮಾಡಿದೆ. ಒಳಗೆ ಎಟಿ ಟೈನಿ 85 ಎಂಬ ಚಿಪ್, ಒಂದು ರಿಲೇ, ಸಿಮ್ ಹಾಕುವ ಮಾಡ್ಯೂಲ್. ಕರೆಂಟ್ ಬಂದರೆ ಮೋಟರ್ ಶುರು, ಒಂದು ಫೇಸ್ ಹೋದರೂ ಬಂದ್. ಬಾವಿಯಲ್ಲಿ ನೀರು ಇಳಿದರೆ ಒಳಗೆ ಬಿಟ್ಟಿರುವ ಎರಡು ತಂತಿಗಳ ಸಂಪರ್ಕ ತಪ್ಪುತ್ತದೆ, ಚಿಪ್‌ಗೆ ಸುದ್ದಿ ಮುಟ್ಟುತ್ತದೆ, ಮೋಟರ್ ನಿಲ್ಲುತ್ತದೆ. ಸಬ್‌ಮರ್ಸಿಬಲ್ ಮೋಟರ್ ತಂಪಾಗುವುದು ಸುತ್ತಲಿನ ನೀರಿನಿಂದಲೇ. ಹಾಗಾಗಿ ಇದೇ ಮುಖ್ಯ ಕೆಲಸ. ಎಂಟು ತಿಂಗಳು ಪೆಟ್ಟಿಗೆ ಒಂದು ದಿನವೂ ತಪ್ಪಲಿಲ್ಲ. ರಾಯಬಾಗ ತಾಲ್ಲೂಕಿನ ನಮ್ಮ ಸೋದರಮಾವ ತಮಗೂ ಒಂದು ಬೇಕೆಂದರು. ಅವರ ಪಕ್ಕದ ಹೊಲದವರೂ ಕೇಳಿದರು.

ಇಷ್ಟರಲ್ಲಿ ಪುಣೆಯ ಒಂದು ಕಂಪನಿಯಿಂದ ಇಂಟರ್‌ವ್ಯೂ ಕರೆ ಬಂತು. ನಿಪ್ಪಾಣಿಯ ನನ್ನ ಕ್ಲಾಸ್‌ಮೇಟ್‌ಗೂ ಬಂದಿತ್ತು. ಅವನು ಕೊಲ್ಹಾಪುರದ ಮೇಲೆ ಬಸ್‌ನಲ್ಲಿ ಬಂದ, ನಾನು ಮೀರಜ್‌ನಿಂದ ರೈಲಿನಲ್ಲಿ ಹೋದೆ. ಒಳಗೆ ಕೂತವರು ಮೃದುವಾಗಿಯೇ ಕೇಳಿದರು: ‘ಇನ್‌ಲೈನ್ ಫಂಕ್ಷನ್ ಅಂದರೇನು?’ ಇದು ಗೈಡ್‌ನಲ್ಲಿ ಇರುವ ಪ್ರಶ್ನೆ. ಫಂಕ್ಷನ್‌ ಅನ್ನು ಕರೆಯುವ ಜಾಗದಲ್ಲಿ ಅದರ ಒಳಗಿನ ಸಾಲುಗಳನ್ನೇ ತಂದು ಕೂರಿಸುವುದು, ಹೋಗಿ ಬರುವ ಖರ್ಚು ಉಳಿಯುತ್ತದೆ, ಪ್ರೋಗ್ರಾಂ ವೇಗವಾಗುತ್ತದೆ ಎಂದು ಉಸಿರು ಬಿಡದೆ ಹೇಳಿದೆ. ‘ನೀವು ಇನ್‌ಲೈನ್ ಅಂತ ಬರೆದರೆ ಕಂಪೈಲರ್ ಕೇಳಲೇಬೇಕಾ?’ ಹೌದು ಸರ್ ಎಂದೆ. ‘ಬರೆಯದಿದ್ದರೆ ಮಾಡುವುದೇ ಇಲ್ಲವಾ?’ ಇಲ್ಲ ಸರ್ ಎಂದೆ. ಎರಡೂ ತಪ್ಪು. ಅವರ ಮುಖ ನೋಡಿಯೇ ಗೊತ್ತಾಯಿತು. ನಿಪ್ಪಾಣಿಯ ಗೆಳೆಯ ಮೊದಲನೆಯದಕ್ಕೆ ‘ಅದು ಕೋರಿಕೆ ಅಷ್ಟೇ’ ಎಂದಿದ್ದನಂತೆ. ಅವನು ಮುಂದಿನ ಸುತ್ತಿಗೆ ಹೋದ, ನಾನು ಮೀರಜ್ ಬಸ್ ಸ್ಟ್ಯಾಂಡಿಗೆ ಬಂದೆ. ಬಸ್ಸು ಕಾಗವಾಡ ದಾಟುವಷ್ಟರಲ್ಲಿ ಹಟ ಹುಟ್ಟಿತ್ತು: ಈ ಇನ್‌ಲೈನ್ ಅನ್ನು ಕೈಯಾರೆ ಮಾಡಿಯೇ ನೋಡುತ್ತೇನೆ. ಮಾಡಿ ನೋಡಲು ನನ್ನ ಹತ್ತಿರ ಇದ್ದದ್ದು ಮೋಟರ್ ಪೆಟ್ಟಿಗೆ ಒಂದೇ.

ಮೊದಲು ಇನ್‌ಲೈನ್ ಎಂದರೆ ನನಗೆ ಈಗ ಅರ್ಥವಾಗಿರುವ ರೀತಿಯಲ್ಲಿ ಹೇಳುತ್ತೇನೆ. ನಮ್ಮ ಅವ್ವನ ಹತ್ತಿರ ಅಡುಗೆಯ ಒಂದು ನೋಟ್‌ಬುಕ್ ಇದೆ, ಅಕ್ಕನಿಗಾಗಿ ಬರೆಸಿದ್ದು. ಬದನೆಕಾಯಿ ಎಣ್ಣೆಗಾಯಿ ಪುಟದಲ್ಲಿ ‘ಮಸಾಲಿ ಖಾರಕ್ಕೆ ಹನ್ನೆರಡನೇ ಪುಟ ನೋಡು’ ಎಂದಿದೆ. ಹನ್ನೆರಡಕ್ಕೆ ಹೋಗಿ, ಓದಿ, ವಾಪಸ್ ಬರಬೇಕು. ಇದು ಫಂಕ್ಷನ್ ಕಾಲ್. ಮಸಾಲಿ ಖಾರದ ಸಾಲುಗಳನ್ನು ಎಣ್ಣೆಗಾಯಿ ಪುಟದಲ್ಲೇ ಬರೆದುಬಿಟ್ಟರೆ ಅದು ಇನ್‌ಲೈನ್. ಪುಟ ತಿರುವುವ ಕೆಲಸ ಉಳಿಯಿತು, ನಿಜ. ಆದರೆ ಅಸಲು ಲಾಭ ಬೇರೆ. ಎಲ್ಲ ಒಂದೇ ಪುಟದಲ್ಲಿ ಬಂದಾಗ ಅಕ್ಕನಿಗೆ ಕಾಣಿಸುತ್ತದೆ: ಒಣಕೊಬ್ಬರಿ ಹುರಿಯುವುದು ಎಣ್ಣೆಗಾಯಿಯಲ್ಲೂ ಇದೆ, ಖಾರದಲ್ಲೂ ಇದೆ, ಒಮ್ಮೆಗೇ ಹುರಿದರಾಯಿತು. ಕಂಪೈಲರ್ ಕೂಡ ಹಾಗೆಯೇ. ಫಂಕ್ಷನ್ ಒಳಗೆ ಬಂದ ಮೇಲೆ ಅದಕ್ಕೆ ಎಲ್ಲ ಕಾಣಿಸುತ್ತದೆ. ಎರಡು ಸಲ ಮಾಡುವುದನ್ನು ಒಂದು ಸಲ ಮಾಡುತ್ತದೆ, ಬೇಡದ್ದನ್ನು ತೆಗೆದು ಹಾಕುತ್ತದೆ. ತೊಂದರೆಯೂ ಇದೆ. ಪ್ರತಿ ಪಲ್ಯದ ಪುಟದಲ್ಲೂ ಮಸಾಲಿ ಖಾರ ಬರೆದರೆ ನೋಟ್‌ಬುಕ್ ದಪ್ಪಗಾಗುತ್ತದೆ.

ಈಗ ನನ್ನ ಪ್ರೋಗ್ರಾಮಿಗೆ ಬನ್ನಿ. ಹಳೆಯದರಲ್ಲಿ ಎರಡು ಫೈಲ್ ಇದ್ದವು. ಒಂದರಲ್ಲಿ ಮುಖ್ಯ ಲೂಪ್. ಇನ್ನೊಂದರಲ್ಲಿ ಮೂರೂ ಫೇಸ್ ಇವೆಯೇ ಎಂದು ನೋಡುವ ಪುಟ್ಟ ಫಂಕ್ಷನ್. ‘ನೀರಿಲ್ಲ’ ಎಂಬ ವೇರಿಯೇಬಲ್ ಸೊನ್ನೆ ಇರುವವರೆಗೆ ಲೂಪ್ ಆ ಫಂಕ್ಷನ್ನನ್ನು ಕರೆಯುತ್ತಲೇ ಇರುತ್ತದೆ. ವೇರಿಯೇಬಲ್ ಒಂದಾದ ಕೂಡಲೇ ಹೊರಬಂದು ರಿಲೇ ಬಿಡುತ್ತದೆ. ಅದನ್ನು ಒಂದು ಮಾಡುವುದು ಇಂಟರಪ್ಟ್. ಬಾವಿಯ ತಂತಿಯಿಂದ ಸುದ್ದಿ ಬಂದಾಗ ಚಿಪ್ಪು ಮಾಡುತ್ತಿದ್ದ ಕೆಲಸವನ್ನು ಅಲ್ಲೇ ನಿಲ್ಲಿಸಿ ಓಡಿಸುವ ಸಣ್ಣ ತುಣುಕು ಅದು.

ಪುಣೆಯಿಂದ ಬಂದ ಮರುದಿನ ಆ ಫೇಸ್ ನೋಡುವ ಫಂಕ್ಷನ್ನನ್ನು ಹೆಡರ್ ಫೈಲಿಗೆ ತಂದು ಮುಂದೆ ಇನ್‌ಲೈನ್ ಎಂದು ಬರೆದೆ. ಕಂಪೈಲ್ ಆಯಿತು, ಎಚ್ಚರಿಕೆ ಒಂದೂ ಬರಲಿಲ್ಲ. ಟೇಬಲ್ ಮೇಲೆ ಇಟ್ಟು ಫೇಸ್ ತಂತಿ ತೆಗೆದೆ, ರಿಲೇ ‘ಟಕ್’ ಎಂದು ಬಿಟ್ಟಿತು. ಖುಷಿಯಾಗಿ ಬಾವಿಗೆ ಹಾಕಿ ಬಂದೆ. ನೀರಿನ ತಂತಿ ಪರೀಕ್ಷಿಸಲಿಲ್ಲ. ಅದನ್ನು ಮುಟ್ಟಿಯೇ ಇರಲಿಲ್ಲವಲ್ಲ!

ಎರಡನೇ ರಾತ್ರಿ ಅಪ್ಪನ ಫೋನ್ ಬಂತು. ‘ತಮ್ಮಾ, ಮೋಟರ್ ಸುಟ್ಟ ವಾಸನಿ ಬರಾಕತ್ತೈತಿ, ಲಗೂನ ಬಾ.’ ನಾನು ಹೋಗುವಷ್ಟರಲ್ಲಿ ಅಪ್ಪ ಮೇನ್ ಸ್ವಿಚ್ ಎಳೆದಿದ್ದರು. ಬಾವಿಯಲ್ಲಿ ನೀರು ಮೋಟರ್‌ನಿಂದ ಕೆಳಗಿತ್ತು. ಮುಂಜಾನೆ ಟಂಟಂನಲ್ಲಿ ಹಾಕಿಕೊಂಡು ಉಗಾರದ ವೈಂಡಿಂಗ್ ಅಂಗಡಿಗೆ ಒಯ್ದೆವು. ಬಿಚ್ಚಿ ನೋಡಿದವನು ಅಪ್ಪನಿಗೆ ಹೇಳಿದ: ‘ಕಾಕಾ, ಇದು ನೀರಿಲ್ಲದ ಓಡೈತಿ. ನಿಮ್ಮ ಪೆಟಗಿ ಬಂದ್ ಮಾಡಲಿಲ್ಲೇನ?’ ಅಪ್ಪ ನನ್ನ ಕಡೆ ನೋಡಲಿಲ್ಲ. ಅದು ಬೈದದ್ದಕ್ಕಿಂತ ಹೆಚ್ಚು ನೋಯಿಸಿತು. ವೈಂಡಿಂಗ್‌ಗೆ ಕೊಟ್ಟ ದುಡ್ಡು ಗೊಬ್ಬರಕ್ಕೆ ಇಟ್ಟದ್ದು.

ಮೂರು ದಿನ ಕೂತೆ. ಆಪ್ಟಿಮೈಸೇಷನ್ ಪೂರ್ತಿ ತೆಗೆದು, ಅಂದರೆ ‘ಓ ಸೊನ್ನೆ’ ಹಂತದಲ್ಲಿ ಕಂಪೈಲ್ ಮಾಡಿದರೆ ಎಲ್ಲ ಸರಿ. ನಾನು ಯಾವಾಗಲೂ ಬಳಸುವ ‘ಓ ಎಸ್’, ಅಂದರೆ ಗಾತ್ರ ಕಡಿಮೆ ಮಾಡುವ ಹಂತದಲ್ಲಿ ಹಾಕಿದರೆ ನೀರಿನ ತಂತಿಗೆ ಉತ್ತರವೇ ಇಲ್ಲ. ಹಾಗಾದರೆ ಓ ಸೊನ್ನೆಯಲ್ಲೇ ಬಿಡೋಣ ಎಂದರೆ ಪ್ರೋಗ್ರಾಂ ಚಿಪ್‌ನಲ್ಲಿ ಹಿಡಿಸುವುದಿಲ್ಲ. ಅದೂ ಅಲ್ಲದೆ, ಆಪ್ಟಿಮೈಸೇಷನ್ ಇಲ್ಲದಿದ್ದರೆ ಡಿಲೇ ಫಂಕ್ಷನ್‌ಗಳು ಹೇಳಿದ ಹೊತ್ತಿಗೆ ಮುಗಿಯುವುದಿಲ್ಲ ಎಂದು ಎವಿಆರ್‌ನ ಸಿ ಲೈಬ್ರರಿಯೇ ಎಚ್ಚರಿಸುತ್ತದೆ. ಕೊನೆಗೆ ಕಂಪೈಲರ್ ಹೊರಗೆ ಹಾಕಿದ ಅಸೆಂಬ್ಲಿಯನ್ನೇ ತೆಗೆದು ನೋಡಿದೆ. ಇಂಜಿನಿಯರಿಂಗ್‌ನ ನಾಲ್ಕು ವರ್ಷದಲ್ಲಿ ಮನಸ್ಸಿಟ್ಟು ಅಸೆಂಬ್ಲಿ ಓದಿದ್ದು ಅದೇ ಮೊದಲು ಎಂದು ಹೇಳಲು ನಾಚಿಕೆಯಾಗುತ್ತದೆ. ಅಲ್ಲಿ ‘ನೀರಿಲ್ಲ’ ವೇರಿಯೇಬಲ್ಲನ್ನು ಮೆಮೊರಿಯಿಂದ ಓದುವ ಸಾಲು ಲೂಪ್‌ನ ಹೊರಗೆ, ಮೇಲ್ಗಡೆ ಕೂತಿತ್ತು! ಒಮ್ಮೆ ಓದುತ್ತದೆ, ಸೊನ್ನೆ ಎನ್ನುತ್ತದೆ, ಆಮೇಲೆ ಫೇಸ್ ನೋಡುತ್ತ ಸುತ್ತುತ್ತಲೇ ಇರುತ್ತದೆ. ಇಂಟರಪ್ಟ್ ತನ್ನ ಕೆಲಸ ಮಾಡಿ ಒಂದು ಎಂದು ಬರೆದಿದೆ. ಓದುವವರಿಲ್ಲ.

ಕಂಪೈಲರ್ ಯಾಕೆ ಹೀಗೆ ಮಾಡಿತು? ಮೊದಲು ಫೇಸ್ ನೋಡುವ ಫಂಕ್ಷನ್ ಬೇರೆ ಫೈಲಿನಲ್ಲಿತ್ತು. ಅದರೊಳಗೆ ಏನಿದೆ ಎಂದು ಕಂಪೈಲರ್‌ಗೆ ಕಾಣುತ್ತಿರಲಿಲ್ಲ. ಅದು ಈ ವೇರಿಯೇಬಲ್ಲನ್ನು ಬದಲಿಸಿದರೂ ಬದಲಿಸಬಹುದು ಎಂಬ ಅನುಮಾನದಿಂದ ಪ್ರತಿ ಸುತ್ತಿನಲ್ಲೂ ಮತ್ತೆ ಓದುತ್ತಿತ್ತು. ನಾನು ಅದನ್ನು ಕಣ್ಣೆದುರು ತಂದಿಟ್ಟೆ. ಈಗ ಅದಕ್ಕೆ ಎಲ್ಲ ಕಾಣಿಸಿತು: ಈ ಲೂಪ್‌ನಲ್ಲಿ ಯಾರೂ ವೇರಿಯೇಬಲ್ ಮುಟ್ಟುವುದಿಲ್ಲ, ಪದೇ ಪದೇ ಓದುವುದು ದಂಡ. ಇಂಟರಪ್ಟ್ ಎಂಬ ಮೂರನೆಯವನು ಯಾವ ಕ್ಷಣದಲ್ಲಾದರೂ ಬಂದು ಬದಲಿಸುತ್ತಾನೆ ಎಂಬುದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ತಿಳಿಸಬೇಕಾದವನು ನಾನು. ತಿಳಿಸಲು ಸಿ ಭಾಷೆಯಲ್ಲಿ ‘ವೊಲಟೈಲ್’ ಎಂಬ ಪದ 1989ರ ಮೊದಲ ಸ್ಟ್ಯಾಂಡರ್ಡ್‌ನಿಂದಲೂ ಇದೆ. ಈ ವೇರಿಯೇಬಲ್ ನಿನಗೆ ಗೊತ್ತಾಗದಂತೆ ಬದಲಾಗಬಹುದು, ಕೇಳಿದಾಗಲೆಲ್ಲ ಮೆಮೊರಿಗೇ ಹೋಗಿ ಓದು ಎಂಬುದು ಅದರ ಅರ್ಥ. ಅದನ್ನು ಬರೆಯದಿದ್ದದ್ದರಿಂದ ನನ್ನ ಪ್ರೋಗ್ರಾಂ ಮೊದಲ ದಿನದಿಂದಲೂ ತಪ್ಪೇ ಆಗಿತ್ತು. ಎಂಟು ತಿಂಗಳು ನಡೆದದ್ದು ಅದೃಷ್ಟ. ಇನ್‌ಲೈನ್ ಆ ಅದೃಷ್ಟವನ್ನು ಕಿತ್ತುಕೊಂಡಿತು, ಅಷ್ಟೇ.

ಒಂದು ಪದ ಸೇರಿಸಿದೆ, ಸರಿಹೋಯಿತು. ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಇಂಟರ್‌ವ್ಯೂನ ಗಾಯ ಇನ್ನೂ ಹಸಿ ಇತ್ತು. ಇನ್‌ಲೈನ್ ಬರೀ ಕೋರಿಕೆ ತಾನೆ, ಹಾಗಾದರೆ ಆಜ್ಞೆ ಯಾವುದು ಎಂದು ಹುಡುಕಿದೆ. ಜಿಸಿಸಿ ಕಂಪೈಲರ್‌ನಲ್ಲಿ ‘ಆಲ್ವೇಸ್ ಇನ್‌ಲೈನ್’ ಎಂಬ ಗುರುತು ಇದೆ. ಅದನ್ನು ಹಾಕಿದರೆ ಕಂಪೈಲರ್ ತನ್ನ ಲೆಕ್ಕ ಬದಿಗಿಟ್ಟು ಒಳಗೆ ತರುತ್ತದೆ, ಆಗದಿದ್ದರೆ ಆಗುವುದಿಲ್ಲ ಎಂದು ಹೇಳುತ್ತದೆ. ಎಲ್ಲ ಫಂಕ್ಷನ್‌ಗೂ ಅಂಟಿಸಿದೆ. ಅಪ್ಪನ ಮೊಬೈಲ್‌ಗೆ ಮೆಸೇಜ್ ಕಳಿಸುವ ಫಂಕ್ಷನ್ನನ್ನು ಇಪ್ಪತ್ತೊಂದು ಕಡೆ ಕರೆದಿದ್ದೆ. ಇಪ್ಪತ್ತೊಂದು ಕಡೆಯೂ ಅದರ ಪೂರ್ತಿ ಮೈ ಬಂದು ಕೂತಿತು. ಆ ಚಿಪ್‌ನಲ್ಲಿ ಪ್ರೋಗ್ರಾಮಿಗೆ ಇರುವ ಜಾಗ 8 ಕಿಲೋಬೈಟ್, ಕೆಲಸ ಮಾಡುವ ಮೆಮೊರಿ 512 ಬೈಟ್. ಜಾಗ ಸಾಲದು ಎಂದು ಲಿಂಕರ್ ಕೈಚೆಲ್ಲಿತು. ಅವ್ವನ ನೋಟ್‌ಬುಕ್ ದಪ್ಪಗಾದದ್ದು ಹೀಗೆ. ಕೊನೆಗೆ ಆ ಫಂಕ್ಷನ್ನಿಗೆ ‘ನೋ ಇನ್‌ಲೈನ್’ ಎಂಬ ತದ್ವಿರುದ್ಧ ಗುರುತು ಹಾಕಬೇಕಾಯಿತು.

ಇದು ನನ್ನೊಬ್ಬನ ಹುಚ್ಚಲ್ಲ ಎಂದು ಆಮೇಲೆ ತಿಳಿದು ಸಮಾಧಾನವಾಯಿತು. ಲಿನಕ್ಸ್ ಕರ್ನಲ್ ಬರೆಯುವವರಿಗೆ ಇರುವ ನಿಯಮಗಳಲ್ಲಿ ಒಂದು ಅಧ್ಯಾಯದ ಹೆಸರೇ ‘ಇನ್‌ಲೈನ್ ಕಾಯಿಲೆ’ ಎಂಬರ್ಥದ್ದು. ಮೂರು ಸಾಲಿಗಿಂತ ದೊಡ್ಡ ಫಂಕ್ಷನ್ನಿಗೆ ಇನ್‌ಲೈನ್ ಬೇಡ ಎಂಬುದು ಅಲ್ಲಿನ ಅಂದಾಜು ಲೆಕ್ಕ. ದೊಡ್ಡದಾದ ಪ್ರೋಗ್ರಾಂ ಪ್ರೊಸೆಸರ್‌ನ ಕ್ಯಾಶ್‌ನಲ್ಲಿ ಹಿಡಿಸದೆ ನಿಧಾನವಾಗುತ್ತದೆ. ವೇಗಕ್ಕೆಂದು ಮಾಡಿದ್ದೇ ವೇಗ ಕಡಿಮೆ ಮಾಡುತ್ತದೆ.

ಸಿ ಭಾಷೆಯಲ್ಲಿ ‘ರಿಜಿಸ್ಟರ್’ ಎಂಬ ಪದ ನೆನಪಿದೆಯೇ? ಡಿಪ್ಲೊಮಾದವರಿಗೂ ಎರಡು ಅಂಕದ ಪ್ರಶ್ನೆ ಅದು. ಈ ವೇರಿಯೇಬಲ್ಲನ್ನು ಪ್ರೊಸೆಸರ್‌ನ ರಿಜಿಸ್ಟರ್‌ನಲ್ಲೇ ಇಡು ಎಂದು ಪ್ರೋಗ್ರಾಮರ್ ಹೇಳುವ ಮಾತು. ಎಪ್ಪತ್ತರ ದಶಕದ ಕಂಪೈಲರ್‌ಗಳಿಗೆ ಅದು ಬೇಕಿತ್ತು. ಇವತ್ತಿನವು ನಮಗಿಂತ ಚೆನ್ನಾಗಿ ಆರಿಸುತ್ತವೆ. 2017ರ ಸಿ ಪ್ಲಸ್ ಪ್ಲಸ್ ಸ್ಟ್ಯಾಂಡರ್ಡ್ ಆ ಬಳಕೆಯನ್ನೇ ತೆಗೆದುಹಾಕಿತು. ‘ಇನ್‌ಲೈನ್’ ಸಿ ಸ್ಟ್ಯಾಂಡರ್ಡ್‌ಗೆ ಬಂದದ್ದು 1999ರಲ್ಲಿ, ಆಗಲೇ ಕೋರಿಕೆಯ ರೂಪದಲ್ಲಿ. ನಾವು ಕೇಳದಿದ್ದರೂ ಸಣ್ಣ ಫಂಕ್ಷನ್‌ಗಳನ್ನು ಕಂಪೈಲರ್ ತಾನೇ ಒಳಗೆ ತರುತ್ತದೆ. ಜಾವಾ ಓದುವವರಿಗೆ ಇನ್ನೂ ಒಂದು ಹೆಜ್ಜೆ ಮುಂದೆ: ಅಲ್ಲಿ ಇನ್‌ಲೈನ್ ಎಂಬ ಪದವೇ ಇಲ್ಲ, ಪ್ರೋಗ್ರಾಂ ಓಡುತ್ತಿರುವಾಗ ವರ್ಚುವಲ್ ಮಷೀನ್ ಲೆಕ್ಕ ಹಾಕಿ ಮಾಡುತ್ತದೆ. ಹಾಟ್‌ಸ್ಪಾಟ್‌ನಲ್ಲಿ 35 ಬೈಟ್‌ಕೋಡ್ ಬೈಟ್‌ನೊಳಗಿನ ಮೆಥಡ್ ಚಿಕ್ಕದು ಎಂದು ಲೆಕ್ಕ. ತುಂಬ ಸಲ ಓಡುವುದಾದರೆ 325ರವರೆಗೂ ನಡೆಯುತ್ತದೆ.

ಹಾಗಾದರೆ ನಿಯಂತ್ರಣ ಪೂರ್ತಿ ಕಂಪೈಲರ್‌ಗೇ ಬಿಡಬಹುದಲ್ಲ? ನನ್ನ ಮೋಟರ್ ಅದಕ್ಕೆ ಒಪ್ಪುವುದಿಲ್ಲ. ಲಿನಕ್ಸ್‌ನವರೂ ಒಪ್ಪುವುದಿಲ್ಲ. 2009ರಲ್ಲಿ ಅದರ ಒಂದು ನೆಟ್‌ವರ್ಕ್ ಡ್ರೈವರ್‌ನಲ್ಲಿ ಪಾಯಿಂಟರ್ ಅನ್ನು ಮೊದಲು ಬಳಸಿ, ಮುಂದಿನ ಸಾಲಿನಲ್ಲಿ ಅದು ಖಾಲಿಯೇ ಎಂದು ಪರೀಕ್ಷಿಸಿದ್ದರು. ಬಳಸಿಯಾಗಿದೆ ಅಂದ ಮೇಲೆ ಖಾಲಿ ಇರಲು ಸಾಧ್ಯವಿಲ್ಲ ಎಂದು ಜಿಸಿಸಿ ಪರೀಕ್ಷೆಯನ್ನೇ ಅಳಿಸಿತು. ಭಾಷೆಯ ನಿಯಮದ ಪ್ರಕಾರ ಅದು ಸರಿ. ಆದರೆ ಅಲ್ಲಿ ಕಳ್ಳದಾರಿ ತೆರೆಯಿತು, ಸಾಮಾನ್ಯ ಬಳಕೆದಾರ ಇಡೀ ಯಂತ್ರದ ಒಡೆಯನಾಗಬಹುದಿತ್ತು. ಆಮೇಲೆ ಇಂಥ ಪರೀಕ್ಷೆಗಳನ್ನು ಅಳಿಸಬೇಡ ಎಂಬ ಸೂಚನೆಯೊಂದಿಗೇ ಕರ್ನಲ್ ಕಂಪೈಲ್ ಮಾಡತೊಡಗಿದರು. ಪಾಸ್‌ವರ್ಡ್‌ನ ಕಥೆಯೂ ಹೀಗೇ. ಕೆಲಸ ಮುಗಿದ ಮೇಲೆ ಮೆಮೊರಿಯಲ್ಲಿದ್ದ ಪಾಸ್‌ವರ್ಡ್ ಮೇಲೆ ಸೊನ್ನೆ ಬರೆಯುತ್ತೇವೆ. ಇನ್ನು ಯಾರೂ ಓದದ ಜಾಗಕ್ಕೆ ಬರೆಯುವುದು ದಂಡ ಎಂದು ಕಂಪೈಲರ್ ಆ ಸಾಲನ್ನೇ ಕಿತ್ತುಹಾಕುತ್ತದೆ, ಪಾಸ್‌ವರ್ಡ್ ಹಾಗೇ ಉಳಿಯುತ್ತದೆ. ಅಳಿಸಲಾಗದಂತೆ ಸೊನ್ನೆ ಬರೆಯುವ ಫಂಕ್ಷನ್ ಲಿನಕ್ಸ್‌ನ ಸಿ ಲೈಬ್ರರಿಗೆ 2017ರಲ್ಲಿ ಬಂತು, ಸಿ 23 ಸ್ಟ್ಯಾಂಡರ್ಡ್‌ನಲ್ಲೂ ಒಂದಿದೆ.

ಇವನ್ನೆಲ್ಲ ಓದಿ ನನಗೆ ಅನಿಸಿದ್ದು ಇಷ್ಟು. ನಿಯಂತ್ರಣ ಎರಡು ಥರ. ಒಂದು, ಕಂಪೈಲರ್‌ಗೆ ನಮಗಿಂತ ಚೆನ್ನಾಗಿ ಗೊತ್ತಿರುವುದರಲ್ಲಿ ಕೈ ಹಾಕುವುದು. ಇದನ್ನು ರಿಜಿಸ್ಟರ್‌ನಲ್ಲಿಡು, ಅದನ್ನು ಒಳಗೆ ತಾ ಎನ್ನುವುದು. ಇನ್ನೊಂದು, ಅದಕ್ಕೆ ಎಂದಿಗೂ ಗೊತ್ತಾಗದ್ದನ್ನು ತಿಳಿಸುವುದು. ಬಾವಿಯ ತಂತಿ ಇದನ್ನು ಬದಲಿಸುತ್ತದೆ, ಈ ಚಿಪ್‌ನಲ್ಲಿ ಜಾಗ ಇಷ್ಟೇ, ಈ ಪಾಸ್‌ವರ್ಡ್ ಅಳಿಯಲೇಬೇಕು ಎನ್ನುವುದು. ಎರಡನೆಯದು ಇಲ್ಲದ ಭಾಷೆಯಲ್ಲಿ ಮೋಟರ್ ಪೆಟ್ಟಿಗೆ ಮಾಡಲು ನಾನು ಒಪ್ಪಲಾರೆ. ಮೊದಲನೆಯದೂ ಇರಲಿ, ಅಳೆದು ನೋಡಿದ ಮೇಲೆ ಬಳಸುವವರಿಗೆ ಬೇಕಾಗುತ್ತದೆ. ನನ್ನ ಪೆಟ್ಟಿಗೆ ದಿನದ ಬಹುಪಾಲು ಕರೆಂಟಿಗಾಗಿ ಕಾಯುತ್ತ ಕೂರುತ್ತದೆ, ಅದಕ್ಕೆ ವೇಗ ಯಾಕೆ ಬೇಕಿತ್ತೋ ಈಗ ಯೋಚಿಸಿದರೆ ನಗು ಬರುತ್ತದೆ.

ಈ ಜಗ್ಗಾಟ ಹೊಸದಲ್ಲ. ಇನ್‌ಲೈನ್ ಮಾಡುವುದೂ ಸೇರಿದಂತೆ ಕಂಪೈಲರ್ ಮಾಡಬಹುದಾದ ಬದಲಾವಣೆಗಳಿಗೆ ಹೆಸರಿಟ್ಟು 1971ರಲ್ಲಿ ಪಟ್ಟಿ ಮಾಡಿದವರು ಐಬಿಎಂನ ಫ್ರಾನ್ಸಿಸ್ ಅಲೆನ್ ಮತ್ತು ಜಾನ್ ಕಾಕ್. ಅಲೆನ್ ಮೂಲತಃ ಶಾಲೆಯ ಗಣಿತ ಟೀಚರ್. ಓದಿನ ಸಾಲ ತೀರಿಸಿ ವಾಪಸ್ ಶಾಲೆಗೆ ಹೋಗೋಣ ಎಂದು 1957ರಲ್ಲಿ ಐಬಿಎಂ ಸೇರಿದ್ದರು. ಮೊದಲು ಸಿಕ್ಕ ಕೆಲಸ ಅಲ್ಲಿನ ವಿಜ್ಞಾನಿಗಳಿಗೆ ಫೋರ್ಟ್ರಾನ್ ಕಲಿಸುವುದು. ಕಲಿಸಲು ಕಂಪೈಲರ್‌ನ ಒಳಗೆ ಇಣುಕಿದರು, ಹೊರಗೆ ಬರಲೇ ಇಲ್ಲ. 2006ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು, ಅದನ್ನು ಪಡೆದ ಮೊದಲ ಮಹಿಳೆ. ಎಜುಕೇಷನ್ ಲೋನ್ ಹೊತ್ತಿರುವ ನನ್ನಂಥವರಿಗೆ ಈ ಕಥೆ ಯಾಕೆ ಹಿಡಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಬೆಂಗಳೂರಿನಲ್ಲೂ ಈ ಕೆಲಸ ನಡೆದಿದೆ. ಫೋನ್ ಕ್ಯಾಮೆರಾದಲ್ಲಿ ಫೋಟೊ ತೆಗೆದ ಮೇಲೆ ಅದನ್ನು ಹಂತ ಹಂತವಾಗಿ ತಿದ್ದುವ ಪ್ರೋಗ್ರಾಂ ಇರುತ್ತದಲ್ಲ, ಅಂಥದ್ದನ್ನು ಬರೆಯಲು ಅಮೆರಿಕದ ಎಂಐಟಿಯಲ್ಲಿ ‘ಹ್ಯಾಲೈಡ್’ ಎಂಬ ಭಾಷೆ ಹುಟ್ಟಿತು. ಅದರ ವಿಶೇಷವೆಂದರೆ ಏನು ಮಾಡಬೇಕು ಎಂಬುದು ಒಂದು ಕಡೆ, ಹೇಗೆ ಓಡಬೇಕು ಎಂಬುದು ಇನ್ನೊಂದು ಕಡೆ. ಏನೂ ಹೇಳದಿದ್ದರೆ ಒಂದು ಹಂತ ಇನ್ನೊಂದರೊಳಗೆ ಇನ್‌ಲೈನ್ ಆಗುತ್ತದೆ. ಬೇಡ, ಇದನ್ನು ಬೇರೆಯಾಗಿ ಲೆಕ್ಕ ಹಾಕಿಡು ಎಂದು ಪ್ರೋಗ್ರಾಮರ್ ಒಂದು ಸಾಲಿನಲ್ಲಿ ಹೇಳಬಹುದು. ಇದು ನಿಯಂತ್ರಣ ಪ್ರೋಗ್ರಾಮರ್‌ಗೆ ಕೊಟ್ಟ ದಾರಿ. ಭಾರತೀಯ ವಿಜ್ಞಾನ ಸಂಸ್ಥೆಯ ಉದಯ್ ಬೊಂಡುಗುಲ ಮತ್ತು ಅವರ ವಿದ್ಯಾರ್ಥಿಗಳು 2015ರಲ್ಲಿ ಪ್ರಕಟಿಸಿದ ‘ಪಾಲಿಮೇಜ್’ ಎದುರು ದಿಕ್ಕಿನಿಂದ ಬಂತು: ಏನು ಬೇಕೋ ಅದನ್ನಷ್ಟೇ ಬರೆಯಿರಿ, ಯಾವುದನ್ನು ಒಳಗೆ ತರಬೇಕು, ಯಾವುದನ್ನು ಜೊತೆಗೂಡಿಸಬೇಕು ಎಂಬುದನ್ನು ಕಂಪೈಲರೇ ಗಣಿತದಿಂದ ಕಂಡುಕೊಳ್ಳುತ್ತದೆ. ಎರಡೂ ಬದುಕಿರುವ ವಾದಗಳೇ. ಪರಿಣತರಿಗೆ ಮೊದಲನೆಯದು ರುಚಿಸುತ್ತದೆ, ನನ್ನಂಥ ಅವಸರದವರ ಕೈಗೆ ಎರಡನೆಯದೇ ಕ್ಷೇಮ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಎರಡು ಮಾತು. ಕಂಪೈಲರ್ ವಿಷಯವನ್ನು ನಾವೆಲ್ಲ ಪಾಸಾಗಲು ಓದುತ್ತೇವೆ, ಪಾರ್ಸಿಂಗ್ ಟೇಬಲ್ ಬಿಡಿಸಿ ಅಂಕ ತಗೊಳ್ಳುತ್ತೇವೆ, ಆಪ್ಟಿಮೈಸೇಷನ್ ಅಧ್ಯಾಯ ಬಿಟ್ಟುಬಿಡುತ್ತೇವೆ. ನಾನೂ ಬಿಟ್ಟಿದ್ದೆ. ವಿಜ್ಞಾನ ಸಂಸ್ಥೆಯಲ್ಲೇ ಪ್ರೊಫೆಸರ್ ಆಗಿದ್ದ ವೈ.ಎನ್. ಶ್ರೀಕಾಂತ್ ಅವರ ಕಂಪೈಲರ್ ಪಾಠಗಳು ಎನ್‌ಪಿಟೆಲ್‌ನಲ್ಲಿ ಪುಕ್ಕಟೆ ಇವೆ. ಇನ್ನು ‘ಕಂಪೈಲರ್ ಎಕ್ಸ್‌ಪ್ಲೋರರ್’ ಎಂಬ ತಾಣ. ಮ್ಯಾಟ್ ಗಾಡ್‌ಬೋಲ್ಟ್ ಎಂಬುವರು ಮಾಡಿದ್ದು. ಎಡಗಡೆ ಸಿ ಬರೆದರೆ ಬಲಗಡೆ ಅಸೆಂಬ್ಲಿ ಕಾಣುತ್ತದೆ, ಮೊಬೈಲ್‌ನಲ್ಲೂ ನಡೆಯುತ್ತದೆ. ಒಂದು ಪುಟ್ಟ ಫಂಕ್ಷನ್ ಬರೆದು ಓ ಸೊನ್ನೆ, ಓ ಎರಡು ಎಂದು ಬದಲಿಸಿ ನೋಡಿ. ಕರೆಯುವ ಸಾಲು ಮಾಯವಾಗುವುದು ಕಣ್ಣಾರೆ ಕಾಣುತ್ತದೆ. ಇಂಟರ್‌ವ್ಯೂಗೆ ಹೋಗುವ ಮುನ್ನ ನಾನು ಇದನ್ನು ಹತ್ತು ನಿಮಿಷ ಮಾಡಿದ್ದರೆ, ಬಹುಶಃ ಮೋಟರ್ ಉಳಿಯುತ್ತಿತ್ತು.

ಪೆಟ್ಟಿಗೆ ಈಗ ಮತ್ತೆ ಬಾವಿಯ ಮೇಲಿದೆ. ಪ್ರೋಗ್ರಾಂ ಬದಲಿಸಿದರೆ ಅಸೆಂಬ್ಲಿ ತೆಗೆದು ಆ ಓದುವ ಸಾಲು ಲೂಪ್‌ನ ಒಳಗಿದೆಯೇ ಎಂದು ನೋಡುತ್ತೇನೆ, ಆಮೇಲೆ ಬಕೆಟ್ ನೀರಿನಲ್ಲಿ ತಂತಿ ಅದ್ದಿ ತೆಗೆದು ಪರೀಕ್ಷಿಸುತ್ತೇನೆ. ಮಾವ ಹೋದ ವಾರ ಮತ್ತೆ ಫೋನ್ ಮಾಡಿದ್ದರು: ‘ಏನಪಾ ಅಳಿಯಾ, ನಮ್ಮ ಪೆಟಗಿ ಯಾವಾಗ?’ ಈ ಬೇಸಿಗೆ ಕಳೀಲಿ ಮಾವಾ, ನಮ್ಮ ಬಾವಿ ಒಮ್ಮೆ ಬತ್ತಲಿ, ಮೋಟರ್ ತಾನಾಗಿ ನಿಂತದ್ದನ್ನ ನೋಡಿ ಕೊಡ್ತೀನಿ ಎಂದೆ. ಪಕ್ಕದಲ್ಲಿ ಕೂತಿದ್ದ ಅಪ್ಪ ಫೋನ್ ಕಸಿದುಕೊಂಡು ಮಾವನಿಗೆ ಹೇಳಿದರು: ‘ಒಂದ ಕೈಸ್ವಿಚ್ಚೂ ಇಟಗೊಂಡಿರು.’